ಬೆಳಕು ನೋಡಲು ಕೂತವಳು

ಅವಲಪಲ್ಲಿ, ಹೊಸೂರು
೧೮ ಆಗಸ್ಟ್ ೧೯೮೩

ಚಿ. ಸೌ. ಜಾನಕಿಗೆ ಅಕ್ಕ ಅಂಬುಜಳ ಆಶೀರ್ವಾದ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಕೃಷ್ಣಗಿರಿಯಲ್ಲಿ ನೀನು, ನಿನ್ನ ಯಜಮಾನರು, ಮಗು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. "ಭಾವ ಮನೆಯಲ್ಲೇ ಸ್ಟುಡಿಯೋ ಮಾಡಿದಾರಂತೆ, ನಿನ್ನದೊಂದು ಫೋಟೋ ಕಳಿಸು" ಅಂತ ಬರೆದಿದ್ದೆಯಲ್ಲ, ಅದಕ್ಕೇ ತಡ. ಕಳಿಸೋಣವೆಂದರೆ ಇದ್ದರೆ ತಾನೆ? ಊರವರದ್ದೆಲ್ಲ ಇದೆ, ನನ್ನದಿಲ್ಲ.

ಸ್ಟುಡಿಯೋ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡ. ನಡುಮನೆಯ ಗೋಡೆಗೆ ಒಂದು ಕಪ್ಪು ಕಂಬಳಿ, ಮುಂದೆ ಒಂದು ಸ್ಟೂಲು, ಪಕ್ಕದಲ್ಲಿ ಒಂದೇ ಒಂದು ದೊಡ್ಡ ಬಲ್ಬು. ಆ ಬಲ್ಬಿಗೆ ಕೊಡೆ ಹಿಡಿದಿರುವುದು ನಾನು ಅಕ್ಕಿ ತೊಳೆಯುತ್ತಿದ್ದ ಅಲ್ಯೂಮಿನಿಯಂ ಬೇಸಿನ್ನು. ತಳಕ್ಕೆ ತೂತು ಕೊರೆದುಬಿಟ್ಟಿದ್ದಾರೆ ಮಹಾರಾಯರು! ಒಂದು ದೀಪ ಸಾಕಂತೆ, ಎರಡಿದ್ದರೆ ಮುಖ ಚಪ್ಪಟೆಯಾಗುತ್ತದಂತೆ. ಭಾನುವಾರ ಬಂತೆಂದರೆ ಸ್ನೇಹಿತರೆಲ್ಲ ತಲೆ ಬಾಚಿಕೊಂಡು ಹಾಜರು. ಕಾಫಿ ಮಾಡುವುದು ನಾನು.

ತಳಿ ಊರಿನಿಂದ ಹೂಕೋಸು ತರುವ ಮುನಿಯಲ್ಲಪ್ಪನದ್ದೂ ತೆಗೆದರು. ಫೋಟೋ ಕೈಗೆ ಕೊಟ್ಟರೆ ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನ್ ಸ್ವಾಮಿ, ಅರ್ಧ ಮಕಕ್ಕೆ ಮಸಿ ಬಳ್ದುಬುಟ್ಟಿದೀರಾ? ನನ್ನ ಇನ್ನೊಂದು ಕಿವಿ ಎತ್ತಾಗ್ ಹೋಯ್ತು?" ಅಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕಿದ್ದಕ್ಕೆ ನನಗೇ ಕೆಲಸ ಗಂಟುಬಿತ್ತು. ಅಂದಿನಿಂದ ಕತ್ತಲೆ ಬೀಳುವ ಕಡೆ ನಾನು ಬಿಳಿ ಪಂಚೆ ಬಿಡಿಸಿ ಹಿಡಿದು ನಿಲ್ಲಬೇಕು. ಬಲ್ಬಿನ ಬೆಳಕು ಪಂಚೆಗೆ ತಾಗಿ ಆ ಕೆನ್ನೆಗೂ ಒಂದಿಷ್ಟು ಬೀಳುತ್ತದೆ.

ಇನ್ನೊಂದು ಕೆಲಸವೂ ಇದೆ. ಸ್ನೇಹಿತರು ಬರುವ ಮೊದಲು ಬೆಳಕು ಸರಿ ಮಾಡಿಕೊಳ್ಳುವುದಕ್ಕೆ ಆ ಸ್ಟೂಲಿನ ಮೇಲೆ ನಾನು ಕೂರಬೇಕು. ಅವರ ಕ್ಯಾಮೆರಾ ಎದೆಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. "ಗದ್ದ ಸ್ವಲ್ಪ ಎತ್ತು. ಈ ಕಡೆ ನೋಡು. ಹಾಂ, ಹಾಗೇ ಇರು" ಅನ್ನುತ್ತಾರೆ. ಮದುವೆಯಾದಾಗಿನಿಂದ ಅವರು ನನ್ನನ್ನು ಅಷ್ಟು ಹೊತ್ತು ಬಿಡದೆ ನೋಡುವುದು ಆಗ ಮಾತ್ರ. ನಿನ್ನ ಹತ್ತಿರ ಏನು ನಾಚಿಕೆ, ಈ ವಯಸ್ಸಿನಲ್ಲೂ ನನ್ನ ಎದೆ ಡವಡವ ಅನ್ನುತ್ತದೆ. ಬೆಳಕು ಸರಿಯಾದ ಕೂಡಲೇ "ಸರಿ, ಏಳು" ಅನ್ನುತ್ತಾರೆ. ರೀಲು ದುಬಾರಿಯಲ್ಲವೇ? ಬಂದವರು ಕೂರುತ್ತಾರೆ, ನಾನು ಪಂಚೆ ಹಿಡಿಯುತ್ತೇನೆ.

ಎಲ್ಲರನ್ನೂ ಸಹಿಸಿಕೊಂಡೆ. ಭಾಗ್ಯಳನ್ನು ಮಾತ್ರ ಆಗಲಿಲ್ಲ. ಇವರ ಜೊತೆ ಫ್ಯಾಕ್ಟರಿಯಲ್ಲಿರುವ ಸುಬ್ಬರಾಮನ ಹೆಂಡತಿ ಅವಳು, ಮೈಸೂರು ಕಡೆಯವಳು. ಕೆಟ್ಟವಳೇನಲ್ಲ, ಅದೇ ನನ್ನ ಸಂಕಟ. ಹೋದ ತಿಂಗಳು ಬಂದವಳು ಸ್ಟೂಲಿನ ಮೇಲೆ ಕೂತು, "ಅಂಬುಜಕ್ಕ, ಒಂಚೂರು ಕನಕಾಂಬರ ಇದ್ರೆ ಕೊಡ್ತೀರಾ? ಜಡೆ ಬೋಳಾಗಿ ಕಾಣತ್ತೆ" ಅಂದಳು. ನನ್ನ ಮುಡಿಯಲ್ಲಿದ್ದದ್ದನ್ನೇ ತುಂಡು ಮಾಡಿ ಕೊಟ್ಟೆ. ನಿಮ್ಮ ಭಾವ ಕ್ಯಾಮೆರಾದೊಳಕ್ಕೆ ಬಗ್ಗಿ, "ಎಷ್ಟು ಚೆನ್ನಾಗಿದೆ ಕಣಮ್ಮ, ಅಲ್ಲಾಡ್ಬೇಡ" ಅಂದರು. ಎಷ್ಟು ಚೆನ್ನಾಗಿದೆ! ನನ್ನ ಹೋಳಿಗೆಗೂ ಆ ಮಾತು ಬಂದದ್ದಿಲ್ಲ. ಮೈಯೆಲ್ಲ ಉರಿದುಹೋಯಿತು. "ಕೈ ನೋಯ್ತಿದೆ" ಅಂತ ಪಂಚೆ ಕೆಳಗೆ ಹಾಕಿ ಅಡುಗೆಮನೆಗೆ ಹೋಗಿಬಿಟ್ಟೆ. ಅವಳ ಅರ್ಧ ಮುಖ ಕಪ್ಪಾಗಲಿ ಅಂತಲೇ ಹೋದೆ.

ಅದೇ ಫೋಟೋ ಎಲ್ಲಕ್ಕಿಂತ ಚೆನ್ನಾಗಿ ಬಂತು. ಒಂದು ಕೆನ್ನೆ, ಒಂದು ಕಣ್ಣು, ಒಂದಿಷ್ಟು ಹೂವು ಮಾತ್ರ ಬೆಳಕಿನಲ್ಲಿವೆ, ಉಳಿದದ್ದೆಲ್ಲ ಕತ್ತಲೆ. ಹೈಸ್ಕೂಲಿನ ಜಯರಾಮಯ್ಯ ಮೇಷ್ಟ್ರು ನೋಡಿ, "ಇದನ್ನ ಬೆಂಗಳೂರಿನ ಪ್ರದರ್ಶನಕ್ಕೆ ಕಳಿಸಿ ಸ್ವಾಮಿ" ಅಂದರು. ನಿಮ್ಮ ಭಾವ ಕುಣಿಯುತ್ತಾ ಒಳಗೆ ಬಂದು, "ನೀನು ಪಂಚೆ ಬಿಟ್ಟು ಹೋಗಿದ್ದೇ ಒಳ್ಳೇದಾಯ್ತು ನೋಡು. ಇನ್ಮೇಲೆ ನೀನು ನಿಲ್ಲೋದೇ ಬೇಡ" ಅಂದರು. ಹೇಗಿದೆ? ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲೇ ತೂಗುಹಾಕಿದ್ದಾರೆ. ದಿನಾ ಕಸ ಗುಡಿಸುವಾಗ ಅವಳು ನನ್ನ ಹೂವು ಮುಡಿದುಕೊಂಡು ನನ್ನನ್ನೇ ನೋಡುತ್ತಾಳೆ.

ಬಾಯಿಬಿಟ್ಟು ಕೇಳಬಾರದೇ ಅನ್ನುತ್ತೀಯ. ಕೇಳಿದರೆ ಖಂಡಿತ ತೆಗೆಯುತ್ತಾರೆ. ಆದರೆ ಕೇಳಿ ತೆಗೆಸಿಕೊಂಡದ್ದು ನನಗೆ ಬೇಡ, ಜಾನಕಿ. ಅವರಿಗೇ ಅನ್ನಿಸಬೇಕು.

ಗೌರಿ ಹಬ್ಬಕ್ಕೆ ಬರುವಾಗ ಹಗಲು ಬಸ್ಸಿಗೇ ಬಾ. ದಾರಿಯಲ್ಲಿ ಸಾನಮಾವಿನ ಕಾಡಿನ ಕಡೆ ಆನೆ ಇಳಿದಿವೆಯಂತೆ. ಮಗುವಿಗೆ ಬೆಚ್ಚಗಿರುವುದೇನಾದರೂ ತಾ, ಇಲ್ಲಿ ಆಗಲೇ ಚಳಿ. ನಿಮ್ಮ ಮನೆ ಯಾವಾಗಲೂ ನಗುನಗುತ್ತಾ ಇರಲಿ.

ಇತಿ,
ನಿನ್ನ ಅಕ್ಕ
ಅಂಬುಜ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ನೀನು ಬರುವ ಸುದ್ದಿ ಹೇಳಿದ ಕೂಡಲೇ ನಿಮ್ಮ ಭಾವ, "ಹಾಗಾದ್ರೆ ಈ ರೀಲಿನ ಕಡೇದು ಜಾನಕಿಗೇ ಇರಲಿ. ಅವಳ ಮೂಗು ಒಂದೇ ದೀಪಕ್ಕೆ ಹೇಳಿ ಮಾಡಿಸಿದ ಹಾಗಿದೆ" ಅಂದರು. ನಮ್ಮಿಬ್ಬರದೂ ಅಮ್ಮನ ಮೂಗೇ ಅಲ್ಲವೇನೇ? ಬಾ, ಖಂಡಿತ ಬಾ. ಆದರೆ ಫೋಟೋಗೆ ಕರೆದಾಗ ತಲೆನೋವು ಅಂತ ಮಲಗಿಬಿಡು. ನಾನು ಬೆಳಕು ನೋಡುವುದಕ್ಕೆ ಸ್ಟೂಲಿನ ಮೇಲೆ ಕೂತಿರುತ್ತೇನೆ. ನನ್ನ ಜಾಗಕ್ಕೆ ಬರುವವರು ಅವತ್ತೊಂದು ದಿನ ಯಾರೂ ಇರಬಾರದು.