ಹೂವು ಬಿದ್ದ ಕಡೆ

೪ ಆಗಸ್ಟ್ ೧೯೭೫, ಸೋಮವಾರ

ಮತ್ತೆ ಹೊರಗೆ. ಹಟ್ಟಿಯ ಮುಳ್ಳುಬೇಲಿಯಾಚೆ, ಗುಡಿಸಲಲ್ಲಿ ಕೂತು ಬರೆಯುತ್ತಿದ್ದೇನೆ. ಸೂರು ಸೋರುತ್ತಿದೆ. ಪಕ್ಕದಲ್ಲಿ ನನ್ನ ಹಾಗೇ ಹೊರಗಾದ ಬರಗೇರಮ್ಮ ಎಲೆಅಡಿಕೆ ಅಗಿಯುತ್ತ ಸೊಸೆಯನ್ನು ಬೈಯುತ್ತಿದ್ದಾಳೆ. ಬೆಳಗಿನಿಂದ ಅದೇ ಸೊಸೆ, ಅದೇ ಬೈಗುಳ. ತಲೆ ಚಿಟ್ಟು ಹಿಡಿಯಿತು.

ಇಲ್ಲಿಂದ ಶಾಲೆ ಕಾಣುತ್ತದೆ. ದೇವರ ಗಡಿಕಲ್ಲಿನ ಒಳಗೆ, ಗುಡಿಯ ಮಗ್ಗುಲಿಗೇ. ಕಟ್ಟುವವರಿಗೆ ಬೇರೆ ಜಾಗವೇ ಸಿಗಲಿಲ್ಲ! ಮುಟ್ಟಾದ ಹೆಂಗಸು ಮೂರು ದಿನ ಬೇಲಿಯಾಚೆಯೇ ಇರಬೇಕು, ಗಡಿಕಲ್ಲು ದಾಟುವ ಹಾಗಿಲ್ಲ. ಟೀಚರಾದರೂ ಅಷ್ಟೆ, ರಾಣಿಯಾದರೂ ಅಷ್ಟೆ. ಗುಡಿಯ ಪೂಜಾರಿ ನನ್ನ ಒಡಹುಟ್ಟಿದ ಅಣ್ಣ, ಕಾಟಲಿಂಗಪ್ಪ. ಪೂಜಾರಿಯ ತಂಗಿ ತಪ್ಪಿದರೆ ದೇವರಿಗೆ ಸಿಟ್ಟು ಇನ್ನೂ ಜಾಸ್ತಿಯಂತೆ.

ಏಳನೇ ಕ್ಲಾಸಿಗೆ ಪ್ರಾಚೀನ ಈಜಿಪ್ಟಿನ ಪಾಠ ಅರ್ಧಕ್ಕೆ ನಿಂತಿದೆ. ಮೇಲೆ ಫೆರೋ, ಕೆಳಗೆ ಪುರೋಹಿತರು, ಅವರ ಕೆಳಗೆ ಲಿಪಿಕಾರರು, ರೈತರು, ತಳದಲ್ಲಿ ಗುಲಾಮರು. ಬೋರ್ಡಿನ ಮೇಲೆ ಗೋಪುರದ ಹಾಗೆ ಬರೆದು ಬಂದಿದ್ದೆ. ಹೆಡ್ ಮೇಷ್ಟ್ರು ಚಿತ್ತಯ್ಯ ಅಳಿಸಿರುತ್ತಾರೆ.

೭ ಆಗಸ್ಟ್

ಅಳಿಸಿದ್ದರು.

ಚಿತ್ತಯ್ಯ ಮೇಷ್ಟ್ರು ಸೈಕಲ್ ಸ್ಟ್ಯಾಂಡ್ ಹಾಕುವ ಮೊದಲೇ ಶುರು ಮಾಡಿದರು. "ಏನಮ್ಮ, ತಿಂಗಳು ತಿಂಗಳೂ ಹೊಟ್ಟೆನೋವು ಅಂತ ಬರ್ಕೊಡ್ತೀರಿ. ನಿಮ್ಮ ಸಿ.ಎಲ್. ಮುಗಿದೋಗೈತೆ. ಈಗ ಎಮರ್ಜೆನ್ಸಿ. ಪ್ರೊಬೇಷನ್‌ನಾಗಿರೋರ್ನ ಮನೆಗೆ ಕಳ್ಸಾಕೆ ಒಂದು ಕಾಗದ ಸಾಕು."

ಕಾರಣ ಅವರಿಗೆ ಚೆನ್ನಾಗಿ ಗೊತ್ತು. ನನ್ನ ಬಾಯಿಂದ ಕೇಳುವ ಚಪಲ. ಹೇಳಿಯೇಬಿಟ್ಟೆ. ಆ ದಿನಗಳಲ್ಲಿ ಬೇಲಿಯಾಚೆ ಬೇವಿನ ಮರದ ಕೆಳಗೆ ಪಾಠ ಮಾಡುತ್ತೇನೆ, ಮಕ್ಕಳನ್ನು ಕಳಿಸಿ ಎಂದೆ.

"ಮರ ಸರ್ಕಾರದ್ದಲ್ಲಮ್ಮ. ಸರ್ಕಾರ ಇರೋದು ಕಟ್ಟಡದೊಳಗೆ."

ಅಣ್ಣನನ್ನು ಕೇಳಿದೆ. ಶಾಲೆ ಹೊರಗುಳಿಯುವ ಹಾಗೆ ಗಡಿಕಲ್ಲನ್ನು ಸರಿಸಿದರೆ ಆಗದೇ? ತಟ್ಟೆ ಮುಂದೆ ತಳ್ಳಿ ಎದ್ದುಹೋದ. ಆಮೇಲೆ ಅವ್ವನ ಹತ್ತಿರ ಹೇಳಿದ್ದು ಕೇಳಿಸಿತು: "ಕೆಲಸ ಹೋದ್ರೆ ಹೋಗ್ಲಿ ಬಿಡು. ಹೊಸದುರ್ಗದ ಸಂಬಂಧ ಐತಲ್ಲ."

ಹೊಸದುರ್ಗದ ಸಂಬಂಧ ಎಂದರೆ ಹೆಂಡತಿ ಸತ್ತವನು. ನನ್ನಷ್ಟೆತ್ತರದ ಮಗಳಿದ್ದಾಳೆ. ಥೂ.

ಹೋಗ್ಲಿ ಎನ್ನುತ್ತಾನಲ್ಲ, ಈ ಮನೆಗೆ ಜೋಳ ಬರುವುದು ಯಾರ ಸಂಬಳದಿಂದ?

೧ ಸೆಪ್ಟೆಂಬರ್, ಸೋಮವಾರ

ಆಯಿತು. ಮುಟ್ಟಾಗಿರುವುದನ್ನು ಯಾರಿಗೂ ಹೇಳಲಿಲ್ಲ. ಸೀರೆ ಉಟ್ಟು, ಜಡೆ ಹಾಕಿಕೊಂಡು ಶಾಲೆಗೆ ಹೋದೆ. ಸೆರಗು ಬಿಗಿದು ಗಡಿಕಲ್ಲು ದಾಟಿದೆ. ದಾಟಿದ ಮೇಲೆ ತಿರುಗಿ ನೋಡಿದೆ. ಕಲ್ಲು ಕಲ್ಲಿನ ಹಾಗೇ ಇತ್ತು.

ಈಜಿಪ್ಟ್ ಮುಂದುವರಿಸಿದೆ. ಹಿಂದಿನ ಸಾಲಿನ ಈರಕ್ಕ ಎದ್ದಳು. "ನದೀಗೆ ನೀರು ಬರ್ಲಿಲ್ಲ ಅಂದ್ರೆ ಯಾರ್ನ ಕೇಳ್ತಿದ್ರು ಟೀಚರ್?"

"ಪುರೋಹಿತರನ್ನ."

"ಪುರೋಹಿತ್ರು ಯಾರ್ನ ಕೇಳ್ತಿದ್ರು?"

"ದೇವರನ್ನ."

"ದೇವ್ರು ಹೇಳಿದ್ದು ಬೇರೇರಿಗೂ ಕೇಳಿಸ್ತಿತ್ತಾ?"

ಪುಸ್ತಕ ಮುಚ್ಚಿದೆ. ಕೂತ್ಕೋ ಎಂದೆ.

೩ ಸೆಪ್ಟೆಂಬರ್

ಕಳೆಯಿತು. ಯಾರಿಗೂ ಗೊತ್ತಾಗಲಿಲ್ಲ. ಬಚ್ಚಲಲ್ಲಿ ಬಟ್ಟೆ ಒಗೆಯುವಾಗ ಹುಚ್ಚಕ್ಕ ಒಂದು ಥರ ನೋಡಿದಳು. ತಮ್ಮ ಮುದ್ದಪ್ಪನ ಹೆಂಡತಿ. ನೋಡಲಿ. ಬಾಣಂತನ ಮುಗಿಸಿ ಒಳಗೆ ಬಂದು ಇನ್ನೂ ಎಷ್ಟು ದಿನವಾಯಿತು, ಅವಳಿಗೆ ಕೂಸಿನದೇ ಸಾಕಷ್ಟಿದೆ.

ಇಷ್ಟು ಸುಲಭವೇ! ಅವ್ವ, ಅಜ್ಜಿ, ಮುತ್ತಜ್ಜಿ... ಎಲ್ಲರೂ ಮಳೆಯಲ್ಲಿ ನೆನೆದರಲ್ಲ, ಯಾವ ಸುಖಕ್ಕೆ?

೧೪ ಸೆಪ್ಟೆಂಬರ್, ಭಾನುವಾರ

ಕುರಿಗಳಿಗೆ ಕಾಯಿಲೆ. ಬಾಯಿ ಊದಿ, ಮೇವು ಮುಟ್ಟುತ್ತಿಲ್ಲ. ನಮ್ಮ ಮಂದೆಯಲ್ಲೇ ಶುರು. ಹಿರಿಯೂರಿನಿಂದ ದನದ ಡಾಕ್ಟರು ಬಂದು ಸೂಜಿ ಚುಚ್ಚಿದರು. ಮಳೆಗಾಲದಲ್ಲಿ ನೊಣ ಕಚ್ಚಿ ಬರುವುದು, ಹೋದ ವರ್ಷವೂ ಬಂದಿತ್ತಲ್ಲ ಎಂದರು.

"ಡಾಕ್ಟ್ರಿಗೆ ಸೂಜಿ ಗೊತ್ತು, ದೇವ್ರು ಗೊತ್ತಿಲ್ಲ" ಎಂದ ಅಣ್ಣ. "ಯಾರೋ ಮೈಲಿಗೆ ಮಾಡವ್ರೆ. ನಾಳೆ ಹೂವು ಕೇಳಾಣ."

ಉಣ್ಣದೆ ತಟ್ಟೆ ತೊಳೆದಿಟ್ಟೆ.

೧೫ ಸೆಪ್ಟೆಂಬರ್

ಹಟ್ಟಿಯೆಲ್ಲ ಗುಡಿಯ ಮುಂದೆ. ದೇವರ ಮೈಗೆ ಹೂವು ಅಂಟಿಸಿ ಒಂದೊಂದೇ ಹೆಸರು ಹೇಳುವುದು. ಯಾರ ಹೆಸರಿಗೆ ಹೂವು ಬೀಳುತ್ತದೋ ತಪ್ಪು ಅವರದು. ಅಣ್ಣ ಮನೆಮನೆ ಕೇಳಿದ. ನಮ್ಮ ಮನೆಗೇ ಬಿತ್ತು. ಜನ ಗುಸುಗುಸು ಎಂದರು. ಹೊಸ ಹೂವು ಅಂಟಿಸಿ ಹೆಂಗಸರ ಹೆಸರು ಕೇಳಿದ. ಅವ್ವನ ಹೆಸರು — ಇಲ್ಲ. ನನ್ನ ಹೆಸರು ಗಡಗಡ ಹೇಳಿ ಮುಂದೆ ಹೋದ. ನಾನು ಕಣ್ಣೆತ್ತುವುದರೊಳಗೆ ಮುಗಿದಿತ್ತು. ಆಮೇಲೆ ದೇವರಿಗೆ ಮತ್ತೊಮ್ಮೆ ನೀರು ಚಿಮುಕಿಸಿ, ನಿಧಾನವಾಗಿ — ಹುಚ್ಚಕ್ಕ.

ಬಿತ್ತು.

"ನಾನಲ್ಲ! ನನ್ನ ಕೂಸಿನಾಣೆಗೂ ನಾನಲ್ಲ!" ಎಂದು ಅವಳು ಕಿರುಚಿದಳು. ಮುದ್ದಪ್ಪ ತಲೆ ತಗ್ಗಿಸಿ ನಿಂತ, ಗಂಡಸಂತೆ! ರೋಗ ಇಳಿಯುವ ತನಕ ಕೂಸಿನ ಸಮೇತ ಹೊರಗಿರಬೇಕಂತೆ.

ನಾನು ಬಾಯಿ ಬಿಡಲಿಲ್ಲ.

೧೮ ಸೆಪ್ಟೆಂಬರ್

ಮಳೆ. ರೊಟ್ಟಿ, ಸಾರು ತೆಗೆದುಕೊಂಡು ಗುಡಿಸಲಿಗೆ ಹೋದೆ. ಕೂಸು ಕೆಮ್ಮುತ್ತಿತ್ತು. ಹುಚ್ಚಕ್ಕ ರೊಟ್ಟಿ ಮುಟ್ಟಲಿಲ್ಲ.

"ಬಂದ್ಯಾ ಟೀಚರಮ್ಮ? ಬಚ್ಚಲಾಗೆ ನಾನು ನೋಡಿಲ್ಲ ಅಂದ್ಕಂಡ್ಯಾ?"

ಸಾರಿನ ಪಾತ್ರೆ ಕೆಳಗಿಟ್ಟೆ. "ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಯಾರು ನಂಬ್ತಾರೆ? ತಪ್ಪಿಸ್ಕಣಾಕೆ ನಾದಿನಿ ಮೇಲೆ ಹೇಳ್ತಾಳೆ ಅಂತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನೀನು ಸಂಬಳ ತಿನ್ನು, ನಾನು ಮಳೆ ತಿಂತೀನಿ. ಎತ್ಕಂಡು ಹೋಗು ನಿನ್ನ ರೊಟ್ಟಿ!"

ಎಸೆದಳು. ಕೆಸರಿನಲ್ಲಿ ಬಿತ್ತು. ಅವಳ ಮೇಲೆ ಸಿಟ್ಟು ಬಂತು. ಮನೆಗೆ ಬರುವವರೆಗೂ ಬೈದುಕೊಂಡೇ ಬಂದೆ. ಮನೆ ಮುಟ್ಟಿದ ಮೇಲೆ ಬೈಯಲು ಅವಳಲ್ಲಿ ಏನೂ ಸಿಗಲಿಲ್ಲ.

೨೧ ಸೆಪ್ಟೆಂಬರ್, ಭಾನುವಾರ ಮಧ್ಯಾಹ್ನ

ಅಣ್ಣನಿಗೆ ಹೇಳಿದೆ. ಕಂಬಳಿ ಒಣಹಾಕುತ್ತಿದ್ದ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ತಿರುಗಿಯೂ ನೋಡಲಿಲ್ಲ.

"ಕೂಗ್ಬೇಡ. ಗೊತ್ತೈತೆ."

"ಯಾವತ್ತಿಂದ?"

"ಹೂವು ಕೇಳೋಕ್ಕಿಂತ ಮುಂಚೇನೇ. ಅವ್ವ ದಿನ ಎಣಿಸಿ ಹೇಳಿದ್ಲು."

"ಮತ್ತೆ ಹೂವು ಹುಚ್ಚಕ್ಕನ ಹೆಸರಿಗೆ ಹೆಂಗೆ ಬಿತ್ತು?"

"ನಿನ್ನ ಹೆಸರಿಗೆ ಬಿದ್ದಿದ್ರೆ ಮನೆ ಹೆಂಗೆ ನಡೀತದೆ? ಅವಳು ಹೊರಗಿದ್ರೆ ಯಾರ ಗಂಟೇನು ಹೋಯ್ತು?"

"ಬೀಳ್ಸೋನು ದೇವರಲ್ವಾ?"

ಕಂಬಳಿ ಕೊಡವಿದ. "ದೇವ್ರೇ. ದೇವ್ರಿಗೂ ಮನೆ ಕಷ್ಟ ಗೊತ್ತಿರ್ತದೆ ಗಂಗವ್ವ."

ಅವ್ವ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಹೊರಗೆ ಬರಲಿಲ್ಲ. ಇಷ್ಟು ದಿನ ಇವನು ದೇವರಿಗೆ ಹೆದರುತ್ತಾನೆ ಎಂದುಕೊಂಡಿದ್ದೆ. ಹೆದರಿದ್ದರೆ ಕ್ಷಮಿಸಬಹುದಿತ್ತು. ಮುಂಡೇಗಂಡ.

ಹೋದ ತಿಂಗಳು ಕೆಲಸ ಹೋದರೆ ಹೋಗ್ಲಿ ಎಂದವನು ಇವನೇ. ಬಾಯಿಮಾತಿಗೆ!

೨೬ ಸೆಪ್ಟೆಂಬರ್, ಶುಕ್ರವಾರ, ಬೆಳಿಗ್ಗೆ

ಇವತ್ತು ಶಾಲೆ ನೋಡಲು ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ. ಕುರಿಗಳು ಚೇತರಿಸಿಕೊಳ್ಳುತ್ತಿವೆ, ಸೂಜಿಯಿಂದ. ಅಣ್ಣ ಹೇಳುವುದು ಹುಚ್ಚಕ್ಕ ಹೊರಗಿರುವುದರಿಂದ. ಅದಕ್ಕೇ ಇನ್ನೂ ಇರಲಿ ಎನ್ನುತ್ತಾನೆ.

ಬೆಳಗಾಗುತ್ತಲೇ ಬಂದು ಗುಡಿಸಲ ಮುಂದೆ ಕೂತಿದ್ದೇನೆ. ನನಗೆ ಈಗ ಮುಟ್ಟಿಲ್ಲ. ಆದರೂ ಕೂತಿದ್ದೇನೆ. ಕೈ ಸುಮ್ಮನಿರುತ್ತಿಲ್ಲ, ಬರೆಯುತ್ತಿದ್ದೇನೆ.

ಚಿತ್ತಯ್ಯ ಮೇಷ್ಟ್ರು ಓಡಿಬಂದರು. "ಬರ್ರಿ ಒಳಗೆ! ನಿಮ್ಮ ಕೈ ಮುಗೀತೀನಿ. ಟೀಚರ್ ಯಾಕೆ ಹೊರಗೆ ಕುಂತವ್ಳೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ಮರ ಸರ್ಕಾರದ್ದಲ್ಲ ಅಂತ ಹೇಳ್ರಿ."

ಅಣ್ಣ ಗಡಿಕಲ್ಲಿನವರೆಗೆ ಬಂದು ನಿಂತ. ಹಿಂದೆ ಹಟ್ಟಿಯ ಜನ. "ಎದ್ದೇಳೇ! ನೀನೀಗ ಹೊರಗಲ್ಲ, ಅವ್ವಂಗೆ ಗೊತ್ತೈತೆ."

"ಇವತ್ತಲ್ಲ. ಯಾವತ್ತು ಆಗಿದ್ದೆ ಅಂತ ಹೇಳ್ಲಾ, ಎಲ್ಲರ ಮುಂದೆ?"

ಎರಡು ಹೆಜ್ಜೆ ಹಿಂದೆ ಸರಿದ. ಮುಖ ಕಪ್ಪಾಯಿತು. ಮುದ್ದಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ.

ಹುಚ್ಚಕ್ಕ ಗುಡಿಸಲಿಂದ ಎದ್ದು ಬಂದಳು. ನಗಲಿಲ್ಲ. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಮೈ ಬಿಸಿಯಾಗಿದೆ. "ಸುಮ್ನೆ ಕುಂತ್ರೆ ಸಾಲ್ದು. ಬಾಯಿ ಬಿಡು" ಎಂದಳು.

ಮಿಕ್ಕದ್ದು ಸಂಜೆ ಬರೆಯುತ್ತಿದ್ದೇನೆ. ಜೀಪು ನಿಂತಿತು. ಸಾಹೇಬರು ಶಾಲೆಯ ಕಡೆ ಹೋಗದೆ ಇತ್ತಲೇ ಬಂದರು. ಅಣ್ಣ ದಾರಿಗೆ ಅಡ್ಡ ಬಂದು ಕೈ ಮುಗಿದು ಏನೋ ಹೇಳಿದ. ಅವರು ಅವನನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ಕೇಳಿದರು, "ಯಾಕಮ್ಮ, ಇಲ್ಲಿ ಯಾಕೆ ಕೂತಿದೀರಿ?"

ಎದ್ದೆ. ಕೂಸು ಒಂದು ಕೈಯಲ್ಲಿ. "ಸಾರ್, ಹೂವು ಬೀಳಬೇಕಾಗಿದ್ದು ನನ್ನ ಹೆಸರಿಗೆ" ಎಂದೆ, ಹಟ್ಟಿಯೆಲ್ಲ ಕೇಳುವ ಹಾಗೆ.