ಮೆಷಿನ್ನಿಗೆ ಕೊಟ್ಟ ಕಿವಿ

ಮೇಸ್ತ್ರಿ ಚಿಕ್ಕಪ್ಪನಿಗೆ,

ಕ್ಷೇಮಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ವಿಷಯ. ಮೊನ್ನೆ ನಮ್ಮ ಶೆಡ್ಡಿನ ಆಪರೇಟರ್ ಉದ್ದಣ್ಣ ನಿಮ್ಮ ಮನೆಗೆ ಬಂದಿದ್ದನಂತೆ. ಸೋಮವಾರ ಕಾರ್ಖಾನೆಗೆ ಬರಬೇಕು ಅಂತ ಏನೇನೋ ಹೇಳಿದನಂತೆ. ನೀವು ಉದ್ದಕ್ಕೂ ತಲೆಯಾಡಿಸಿ, ಕೊನೆಗೆ "ಆಯ್ತಪ್ಪ, ಅದಕ್ಕೇನಂತೆ" ಅಂದಿರಂತೆ. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಾರೆ. ಉದ್ದಣ್ಣ ಕುಳಿತದ್ದು ನಿಮ್ಮ ಎಡಗಡೆ. ಆದ್ದರಿಂದ ನೀವು ಯಾವುದಕ್ಕೆ ಒಪ್ಪಿಕೊಂಡಿದ್ದೀರಿ ಎಂಬುದು ನಿಮಗೆ ಗೊತ್ತಿಲ್ಲ. ಹೌದೋ ಅಲ್ಲವೋ ಎಂದು ನನ್ನ ಹತ್ತಿರ ವಾದ ಮಾಡಬೇಡಿ, ಚಿಕ್ಕಪ್ಪ. ಇದು ಪತ್ರ, ವಾದ ಮಾಡಿದರೂ ನನಗೆ ಕೇಳಿಸುವುದಿಲ್ಲ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀವು ಹೇಗೆ ಎಂದು ಗೊತ್ತಿದೆ. ಮನೆಗೆ ಬೆಂಕಿ ಬಿದ್ದಿದೆ ಎಂದರೂ "ಸಂತೋಷ ಕಣಮ್ಮ, ಸಂತೋಷ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ.

ಉದ್ದಣ್ಣ ಕೇಳಿದ್ದು ಇಷ್ಟು. ಸೋಮವಾರ ಮ್ಯಾನೇಜರ್ ಎದುರಿಗೆ, ಎಲ್ಲ ಆಪರೇಟರುಗಳ ಎದುರಿಗೆ ನಿಂತು, "ಎರಡೂ ಕಿವಿ ಮುಚ್ಚಿಕೊಂಡು ಮೊಳೆ ಮೆಷಿನ್ ಓಡ್ಸೋಕೆ ಆಗಲ್ಲ" ಎಂದು ನೀವು ಹೇಳಬೇಕು. ನಿಮ್ಮ ಬಾಯಿಂದ ಆ ಮಾತು ಬಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ನೀವು ಬಿಟ್ಟುಬಂದ ಮೇಸ್ತ್ರಿ ಕೆಲಸ ಈಗ ನನ್ನದಾಗಿದ್ದರೂ ಶೆಡ್ಡಿನಲ್ಲಿ ಇವತ್ತಿಗೂ ಮೇಸ್ತ್ರಿ ಎಂದರೆ ನೀವೇ. ನನ್ನನ್ನು ಕರೆಯುವುದು "ಮೇಸ್ತ್ರಿ ಮಗಳು" ಎಂದು. ಮಗಳಲ್ಲ, ಅಣ್ಣನ ಮಗಳು ಎಂದು ತಿದ್ದುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಸೋಮವಾರ ಏನು ನಡೆಯಲಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮ್ಯಾನೇಜರ್ ಹಿಂದೆ ಅಲೆದು ಅಲೆದು, ಬೈಸಿಕೊಂಡು, ಒಂದು ಸಾಲಿನ ಮೆಷಿನ್ನುಗಳಿಗೆ ಮುಚ್ಚಳ ಹಾಕಿಸಿದ್ದೇನೆ. ತಂತಿಯ ತುದಿಗೆ ಬಡಿದು ಮೊಳೆಯ ತಲೆ ಮಾಡುವ ಪಂಚಿನ ಸದ್ದು ಒಳಗೇ ಉಳಿಯಲಿ ಎಂದು. ಬುಡಕ್ಕೆ ದಪ್ಪ ರಬ್ಬರು. ಓಡಿಸುವವರ ಎರಡೂ ಕಿವಿಗೆ ಇಯರ್ ಪ್ಲಗ್. ಒಂದು ಪಾಳಿ ಹೀಗೆ ಓಡಿಸಿ, ಮೊಳೆ ಎಂದಿನ ಹಾಗೆ ಬಂದರೆ ಎಲ್ಲ ಸಾಲಿಗೂ ಮುಚ್ಚಳ. ಮೊಳೆ ಕೆಟ್ಟರೆ ಮುಚ್ಚಳ ವಾಪಸ್, ಇನ್ನೊಮ್ಮೆ ಈ ಮಾತನ್ನು ಎತ್ತುವ ಹಾಗಿಲ್ಲ. ಮ್ಯಾನೇಜರ್ ಹೇಳಿದ್ದು ಇದೇ. "ನಿಮ್ಮವರೇ ಬೇಡ ಅಂತಿರೋವಾಗ ನಿನಗ್ಯಾಕಮ್ಮ ಉಸಾಬರಿ?" ಎಂದೂ ಕೇಳಿದರು.

ನಮ್ಮವರು ಬೇಡ ಎನ್ನುವುದು ಯಾಕೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳಿಕೊಟ್ಟವರೇ ನೀವು.

ಅಪ್ಪ ಹೋದ ಮೇಲೆ ನೀವು ನನ್ನನ್ನು ಆ ಶೆಡ್ಡಿನೊಳಗೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಬಾಗಿಲು ತೆರೆದ ಕೂಡಲೇ ಸದ್ದು ಎದೆಗೆ ಗುದ್ದಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ನೀವು ನಕ್ಕು, ಜೇಬಿನಿಂದ ಹತ್ತಿ ತೆಗೆದು, ಉಂಡೆ ಮಾಡಿ ನನ್ನ ಬಲಗಿವಿಗೆ ಮಾತ್ರ ತುರುಕಿದಿರಿ. ಹೊರಗೆ ಕರೆದುಕೊಂಡು ಬಂದು ಹೇಳಿದಿರಿ: "ಇದು ಮನೆ ಕಿವಿ, ಜೋಪಾನ ಮಾಡ್ಕೋ. ಅದು ಮೆಷಿನ್ ಕಿವಿ, ಅದನ್ನ ತೆರೆದಿಡು. ಪಂಚು ಸವೆದ್ರೆ ಮೆಷಿನ್ನೇ ಹೇಳುತ್ತೆ. ಅದು ಹೇಳಿದ್ದು ಕೇಳಿಸ್ಲಿಲ್ಲ ಅಂದ್ರೆ ತಲೆ ಇಲ್ಲದ ಮೊಳೆ ತೊಟ್ಟಿ ತುಂಬಾ ಬೀಳುತ್ತೆ." ಮೆಷಿನ್ನು ಎಡಕ್ಕೆ ಇರುವುದರಿಂದ ಎಲ್ಲರದ್ದೂ ಎಡಗಿವಿಯೇ ಮೆಷಿನ್ ಕಿವಿ. ನೀವು ಹೇಳಿದ್ದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡೋಣ ಎಂದರೆ ಇನ್ನೊಂದಕ್ಕೆ ಹತ್ತಿ ತುರುಕಿದ್ದಿರಿ. ಹಾಗಾಗಿ ಮಾತು ಒಳಗೇ ಉಳಿಯಿತು.

ಆವತ್ತೇ ನನಗೆ ಗುಂಡುಸೂಜಿ ಎಂದು ಹೆಸರಿಟ್ಟಿರಿ. ಮೊಳೆ ಕಾರ್ಖಾನೆಯಲ್ಲಿ ಅದಕ್ಕಿಂತ ಸಣ್ಣ ಹೆಸರು ಇನ್ನೊಂದಿಲ್ಲ. ಆದರೂ ಹಿಗ್ಗಿದ್ದೆ.

ಮನೆ ಕಿವಿಯನ್ನು ನೀವು ಜೋಪಾನ ಮಾಡಿದ್ದು ನಿಜ. ಆದರೆ ಅದೂ ಅರ್ಧ ಹೋಗಿದೆ. ಹತ್ತಿಯ ಉಂಡೆಗೆ ಆ ಸದ್ದು ಎಲ್ಲಿ ಹೆದರುತ್ತದೆ? ನಿಮ್ಮ ಮನೆಯಲ್ಲಿ ಎಲ್ಲರೂ ನಿಮ್ಮ ಬಲಕ್ಕೆ ಕೂರುತ್ತಾರೆ. ಕುರ್ಚಿಗಳೆಲ್ಲ ಬಲಕ್ಕೆ, ಎಡಕ್ಕೆ ಬರೀ ಗೋಡೆ. ಬೀದಿಯವರು ನಿಮಗೂ ಚಿಕ್ಕಮ್ಮನಿಗೂ ಮೂರು ಹೊತ್ತೂ ಜಗಳ ಎಂದುಕೊಂಡಿದ್ದರು. ಪಾಪ, ಚಿಕ್ಕಮ್ಮ ಕೂಗಿ ಕೇಳುತ್ತಿದ್ದುದು ಇನ್ನೊಂದು ಲೋಟ ಚಹಾ ಬೇಕೇ ಎಂದು ಅಷ್ಟೇ. ನಾವೆಲ್ಲ ಇದನ್ನು ಹೇಳಿಕೊಂಡು ನಕ್ಕಿದ್ದೇವೆ, ಚಿಕ್ಕಮ್ಮನೂ ನಕ್ಕಿದ್ದಾರೆ. ಮೊನ್ನೆ ಫೋನಿನಲ್ಲಿ ಉದ್ದಣ್ಣ ಎಡಗಡೆ ಕುಳಿತದ್ದನ್ನು ಹೇಳುವಾಗಲೂ ನಗುತ್ತಲೇ ಇದ್ದರು. ಆಮೇಲೆ ದನಿ ತಗ್ಗಿಸಿ ಅಂದರು: "ನನ್ನ ಗಂಡನ ಹತ್ರ ಮೆಲ್ಲಗೆ ಒಂದು ಮಾತಾಡಿ ಎಷ್ಟು ಕಾಲ ಆಯ್ತೋ ಕಣೇ. ಅವರಿಗೆ ಹೇಳ್ಬೇಕು ಅಂದ್ರೆ ಬೀದಿಗೆಲ್ಲ ಹೇಳ್ಬೇಕು. ಅದಕ್ಕೇ ಎಷ್ಟೋ ಮಾತು ಹೇಳೋದೇ ಬಿಟ್ಟಿದ್ದೀನಿ."

ಈ ಮಾತನ್ನು ಅವರು ನಿಮಗೆ ಎಂದೂ ಹೇಳಿರಲಾರರು. ಹೇಳಿದ್ದರೂ ನಿಮಗೆ ಕೇಳಿಸಿರಲಾರದು. ಅದಕ್ಕೇ ಬರೆದಿದ್ದೇನೆ.

ಈಗ ನೀವು ಶೆಡ್ಡಿನಲ್ಲಿ ಯಾರಿಗೂ ಬಿಟ್ಟುಕೊಡದ ಗುಟ್ಟಿಗೆ ಬರುತ್ತೇನೆ. ಹೌದು, ನನಗೆ ಗೊತ್ತು. ನೀವು ನಿವೃತ್ತರಾಗುವುದಕ್ಕೆ ಬಹಳ ಮುಂಚಿನಿಂದಲೇ ಗೊತ್ತು.

ಚಿಕ್ಕಮ್ಮ ಒಲೆಯಿಂದ ಇಳಿಸಿಟ್ಟ ಬಾಣಲೆಯನ್ನು ನೀವು ಬರಿಗೈಯಲ್ಲಿ ಹಿಡಿದು ಎಡ ಅಂಗೈ ಸುಟ್ಟುಕೊಂಡಿರಲ್ಲ, ಆಗಿನ ಮಾತು. ಬಿಸಿ ಇದೆ, ಬಿಸಿ ಇದೆ ಎಂದು ಅವರು ಕೂಗಿದ್ದು ನಿಮಗೆ ಕೇಳಿಸಿರಲಿಲ್ಲ. ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಕೆಲಸಕ್ಕೆ ಬಂದಿರಿ. ಆಗ ಶೆಡ್ಡಿನಲ್ಲಿ ಯಾರೂ ಕಾಣದ್ದನ್ನು ಕಂಡೆವು. ಮೇಸ್ತ್ರಿಯ ಮೆಷಿನ್ನಿನಿಂದ ಕೆಟ್ಟ ಮೊಳೆ. ಸೊಟ್ಟ ತಲೆ, ಅರ್ಧ ತಲೆ, ತಲೆಯೇ ಇಲ್ಲದ್ದು. "ಮೇಸ್ತ್ರಿ ತಲೆ ಕೆಟ್ಟಿದೆ, ಮೊಳೆ ಏನು ಮಾಡುತ್ತೆ" ಎಂದು ಹುಡುಗರು ಊಟದ ಹೊತ್ತಿನಲ್ಲಿ ನಕ್ಕರು. ನಾನು ನಗಲಿಲ್ಲ, ಪಕ್ಕದ ಮೆಷಿನ್ನಿನಿಂದ ನಿಮ್ಮನ್ನೇ ನೋಡುತ್ತಿದ್ದೆ. ಒಂದೆರಡು ದಿನ ನೀವು ಕಂಗಾಲಾಗಿದ್ದಿರಿ. ಆಮೇಲೆ ಬ್ಯಾಂಡೇಜನ್ನು ಸ್ವಲ್ಪ ಕೆಳಗೆ ಸರಿಸಿ, ಮಣಿಕಟ್ಟಿನ ಮೂಳೆಯನ್ನು ಮೆಷಿನ್ನಿನ ಮೈಗೆ ಆನಿಸಿ ನಿಂತಿರಿ. ಅವತ್ತು ಸಂಜೆಯಿಂದ ಮೊಳೆ ಮತ್ತೆ ಮುತ್ತಿನ ಹಾಗೆ ಬಂದವು.

ಆಗ ನನಗೆ ತಿಳಿಯಿತು. ಕೆಟ್ಟದ್ದು ಕೈ, ಕಿವಿಯಲ್ಲ. ಕಿವಿ ಯಾವತ್ತೋ ಹೋಗಿತ್ತು. ನೀವು ಅಷ್ಟು ವರ್ಷ ಮೆಷಿನ್ನಿನ ಮಾತನ್ನು ಅಂಗೈಯಲ್ಲಿ ಕೇಳುತ್ತಿದ್ದಿರಿ. ಆದರೂ ಅನುಮಾನ ಬೇಡವೆಂದು, ಮೆಷಿನ್ನುಗಳೆಲ್ಲ ನಿಂತಿದ್ದ ಒಂದು ಮಧ್ಯಾಹ್ನ ನಿಮ್ಮ ಎಡಗಡೆ ನಿಂತು ಕರೆದೆ. ನೀವು ತಿರುಗಲಿಲ್ಲ. ಮತ್ತೊಮ್ಮೆ ಕರೆದೆ. ನೀವು ನೆಮ್ಮದಿಯಾಗಿ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಿರಿ. ಜಾಣಕಿವುಡರನ್ನು ಬೇಕಾದಷ್ಟು ಕಂಡಿದ್ದೇನೆ, ಚಿಕ್ಕಪ್ಪ. ಕೇಳಿಸದೆಯೂ ಕೇಳಿಸಿದವರ ಹಾಗೆ ಬಾಳಿದವರು ನೀವೊಬ್ಬರೇ.

ಯಾಕೆ ಮುಚ್ಚಿಟ್ಟಿರಿ ಎಂಬುದು ಅರ್ಥವಾಗುತ್ತದೆ. ಕಿವಿ ಹೋದವನನ್ನು ಮೆಷಿನ್ನಿನಿಂದ ಎಬ್ಬಿಸಿ ಮೊಳೆ ಡಬ್ಬ ಕಟ್ಟಲು ಕೂರಿಸುತ್ತಿದ್ದರು. ಮೇಸ್ತ್ರಿ ಎನ್ನುವ ಹೆಸರೂ ಹೋಗುತ್ತಿತ್ತು. ಆದರೆ ಬಚ್ಚಿಟ್ಟುಕೊಂಡು ಸುಮ್ಮನಿರಲಿಲ್ಲ ನೀವು. ಆಮೇಲೂ ಬಂದ ಬಂದ ಹೊಸಬರಿಗೆಲ್ಲ "ಎಡಗಿವಿ ತೆರೆದಿಡ್ರೋ" ಎಂದು ಹೇಳಿಕೊಟ್ಟಿರಿ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ. ಇವತ್ತು ಊಟದ ಹೊತ್ತಿನಲ್ಲಿ ನಮ್ಮ ಬೆಂಚಿನ ಕಡೆ ನೋಡಿದರೆ ಎಲ್ಲರೂ ಕತ್ತು ಎಡಕ್ಕೆ ತಿರುಗಿಸಿ ಬಲಗಿವಿ ಮುಂದೆ ಮಾಡಿಕೊಂಡು ಮಾತಾಡುತ್ತಾರೆ. ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಬಹಳ ಸಿಟ್ಟು. ನಿಮ್ಮ ಮೇಲೆ ಸಿಟ್ಟಾಗುವುದು ನನಗೆ ಅಭ್ಯಾಸವಿಲ್ಲ, ಎಲ್ಲಿಡಬೇಕೆಂದು ತಿಳಿಯದೆ ಮ್ಯಾನೇಜರ್ ಮೇಲೆ ಸುರಿದೆ. ಮುಚ್ಚಳ ಬಂದದ್ದು ಅರ್ಧ ಅದರಿಂದಲೇ.

ಉಳಿದರ್ಧ ನನ್ನ ಮಗಳಿಂದ. ಕಳೆದ ವರ್ಷ ಬಸ್ಸಿನಲ್ಲಿ ನನ್ನ ಎಡಕ್ಕೆ ಕುಳಿತಿದ್ದಳು. ಬಾಯಿಗೆ ಕೈ ಅಡ್ಡ ಇಟ್ಟು ಕಿವಿಯಲ್ಲಿ ಏನೋ ಗುಟ್ಟು ಹೇಳಿದಳು. ಉಸಿರು ತಾಗಿತು, ಮಾತು ಕೇಳಿಸಲಿಲ್ಲ. ಏನು ಎಂದೆ. ಮತ್ತೆ ಹೇಳಿದಳು. ಮತ್ತೆ ಏನು ಎಂದೆ. ಆಗ ಅವಳು ಕಿಟಕಿಯ ಕಡೆ ತಿರುಗಿ, "ಬಿಡಮ್ಮ, ಏನಿಲ್ಲ" ಎಂದಳು. ಆ ಮಾತನ್ನು ಯಾರ ಬಾಯಲ್ಲಿ ಕೇಳಿದ್ದೇನೆ ಎಂದು ಹುಡುಕಬೇಕಾಗಲಿಲ್ಲ. ನಿಮ್ಮ ಮನೆಯಲ್ಲಿ ಚಿಕ್ಕಮ್ಮ ದಿನಕ್ಕೆ ಎಷ್ಟು ಸಲ "ಬಿಡಿ, ಏನಿಲ್ಲ" ಎನ್ನುತ್ತಾರೆ, ನಿಮಗೆ ಗೊತ್ತೇ? ಮರುವಾರವೇ ಹೋಗಿ ಪರೀಕ್ಷೆ ಮಾಡಿಸಿದೆ. ಹೋದಷ್ಟು ಹೋಯಿತು, ಅದು ಬೆಳೆಯುವ ಉಗುರಲ್ಲ ವಾಪಸ್ ಬರಲು, ಇರುವುದನ್ನು ಉಳಿಸಿಕೋ ಎಂದರು ಪರೀಕ್ಷೆ ಮಾಡಿದಾಕೆ. ಅವತ್ತಿನಿಂದ ನನ್ನ ಎರಡೂ ಕಿವಿ ಮನೆಯವೇ. ಮೆಷಿನ್ನಿಗೆ ಕೊಡಲು ನನ್ನ ಹತ್ತಿರ ಕಿವಿ ಇಲ್ಲ.

ಉದ್ದಣ್ಣನಿಗೆ ನನ್ನ ಕಿವಿಯ ಕತೆಯನ್ನೆಲ್ಲ ಹೇಳಿದೆ. ಕೆಟ್ಟವನಲ್ಲ ಅವನು. ಅವನ ಭಯ ಸುಳ್ಳೂ ಅಲ್ಲ. "ಪಂಚು ಒಡೆದು ತಂತಿ ಸಿಕ್ಕಿಹಾಕ್ಕೊಂಡ್ರೆ ನನಗೆ ಹೆಂಗೆ ಗೊತ್ತಾಗ್ಬೇಕು? ಕಿವಿ ಮುಚ್ಕೊಂಡು ಮೆಷಿನ್ ಓಡ್ಸಿರೋ ಒಬ್ಬನೇ ಒಬ್ಬನ್ನ ತೋರ್ಸು, ನಾಳೆನೇ ಹಾಕ್ಕೋತೀನಿ" ಎಂದ. ತೋರಿಸಲು ನನ್ನ ಹತ್ತಿರ ಒಬ್ಬರು ಇದ್ದರು. ಹೆಸರು ನಾಲಿಗೆಯ ತುದಿಗೆ ಬಂತು. ನಿಮ್ಮನ್ನು ಕೇಳದೆ ಹೇಳಬಾರದೆಂದು ನುಂಗಿಕೊಂಡೆ. ಅವನು ನೇರವಾಗಿ ಅದೇ ಮನುಷ್ಯನ ಹತ್ತಿರ, ಅದೇ ಎಡಗಿವಿಗೆ, ಹೋಗಿ ದೂರು ಹೇಳಿ ಬಂದಿದ್ದಾನೆ.

ಹಾಗಾಗಿ ಈಗ ಕೇಳುತ್ತಿದ್ದೇನೆ. ಸೋಮವಾರ ಬನ್ನಿ. ಆದರೆ ಉದ್ದಣ್ಣ ಹೇಳಿಕೊಟ್ಟದ್ದನ್ನು ಹೇಳಲು ಬೇಡ. ಕಿಟಕಿ ಪಕ್ಕದ ನಿಮ್ಮ ಹಳೆಯ ಮೆಷಿನ್ನಿಗೂ ಮುಚ್ಚಳ ಹಾಕಿಸಿದ್ದೇನೆ. ಎಲ್ಲರೂ ನೋಡುವ ಹಾಗೆ ಎರಡೂ ಕಿವಿಗೆ ಪ್ಲಗ್ ಹಾಕಿಕೊಂಡು ಅದರ ಮುಂದೆ ನಿಲ್ಲಿ. ಮೆಷಿನ್ನಿನ ಮೈಗೆ ಅಂಗೈ ಆನಿಸಿ. ಪಂಚು ಸವೆದದ್ದು ತಿಳಿದ ಕೂಡಲೇ ಕೈ ಎತ್ತಿ. ಉದ್ದಣ್ಣ ಮೆಷಿನ್ ನಿಲ್ಲಿಸಿ, ತೊಟ್ಟಿಯಿಂದ ಕೊನೆಯ ಮೊಳೆ ಹೆಕ್ಕಿ ನೋಡಲಿ. ನೀವು ಒಂದು ಮಾತೂ ಆಡಬೇಕಾಗಿಲ್ಲ. ಆದರೆ ಎಷ್ಟು ವರ್ಷದಿಂದ ಹೀಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಿಜ ಹೇಳಬೇಕು. ನಾನು ಕೇಳುತ್ತಿರುವುದು ಸಣ್ಣದಲ್ಲ ಎಂದು ಗೊತ್ತು. ಇಡೀ ಶೆಡ್ಡು ನಿಮ್ಮನ್ನು ನಂಬಿದ್ದೇ ಆ ಕಿವಿಯ ಮೇಲೆ.

ನಾನೂ ಕೈಯಲ್ಲಿ ಕೇಳಲು ಕಲಿಯುತ್ತಿದ್ದೇನೆ. ಮೊದಮೊದಲು ಬರೀ ನಡುಕ. ಈಗೀಗ ಪಂಚು ಸವೆದರೆ ಆ ನಡುಕ ಸ್ವಲ್ಪ ಕುಂಟುವುದು ತಿಳಿಯುತ್ತದೆ. ಆದರೆ ತಡವಾಗಿ. ನಾನು ಕೈ ಎತ್ತುವ ಹೊತ್ತಿಗೆ ಒಂದು ಬೊಗಸೆ ಮೊಳೆ ಕೆಟ್ಟಿರುತ್ತವೆ. ಆ ಒಂದು ಬೊಗಸೆಗೇ ಮುಚ್ಚಳಗಳೆಲ್ಲ ವಾಪಸ್ ಹೋಗಿಬಿಡಬಹುದು. ಅದಕ್ಕೇ ನಿಮ್ಮ ಕೈ ಬೇಕು.

ಆದರೂ ಒಂದು ಮಾತು ಸ್ಪಷ್ಟವಾಗಿರಲಿ. ನೀವು ಬರದಿದ್ದರೆ ನಾನೇ ನಿಲ್ಲುತ್ತೇನೆ. ನೀವು ಬಂದು ಉದ್ದಣ್ಣನ ಪರವಾಗಿಯೇ ಮಾತಾಡಿದರೆ, ಹುಟ್ಟಿದಾಗಿನಿಂದ ಮೊದಲ ಸಲ, ನಿಮ್ಮ ಎದುರಿಗೆ ನಿಂತು ಇಲ್ಲ ಎನ್ನುತ್ತೇನೆ. ನಿಮ್ಮ ಬಲಗಡೆ ನಿಂತು, ಕೇಳಿಸುವ ಹಾಗೆ. ಸೋಮವಾರ ಸೋತರೆ ಮಂಗಳವಾರ ಮತ್ತೆ ಮ್ಯಾನೇಜರ್ ಬಾಗಿಲಿಗೆ ಹೋಗುತ್ತೇನೆ. ಮಾತು ಎತ್ತುವ ಹಾಗಿಲ್ಲ ಎಂದಿದ್ದಾರೆ, ಗೊತ್ತು. ಅದೊಂದು ಮಾತಿಗೆ ನಾನು ಜಾಣಕಿವುಡಿ.

ಇನ್ನು ಕ್ಷೇಮಸಮಾಚಾರ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ಈಗ ನನ್ನ ಬಲಕ್ಕೆ ಕೂರುವುದನ್ನು ಕಲಿತಿದ್ದಾಳೆ. ಅವಳು ಅದನ್ನು ಕಲಿಯಬೇಕಾಗಿ ಬಂತಲ್ಲ, ಚಿಕ್ಕಪ್ಪ. ಈ ಪತ್ರವನ್ನು ನೀವೇ ಓದಿಕೊಳ್ಳಿ. ಚಿಕ್ಕಮ್ಮನ ಕೈಗೆ ಕೊಟ್ಟರೆ ಓದಿ ಹೇಳುತ್ತಾರೆ, ಸೋಮವಾರಕ್ಕೆ ಮೊದಲೇ ಬೀದಿಗೆಲ್ಲ ವಿಷಯ ತಿಳಿಯುತ್ತದೆ.

ಮರೆತಿದ್ದೆ. ಕೈ ಇಡಬೇಕಾದ ಜಾಗ ಹುಡುಕಬೇಡಿ. ಓಡುವ ಭಾಗಗಳಿಂದ ದೂರ, ಮುಚ್ಚಳದ ಕೆಳಗೆ, ನನ್ನ ಅಂಗೈ ಇಟ್ಟು ಸುತ್ತ ಹಳದಿ ಬಣ್ಣದಲ್ಲಿ ಗುರುತು ಬರೆದಿದ್ದೇನೆ. ಗುಂಡುಸೂಜಿಯ ಕೈ, ನಿಮಗೆ ಅದು ಚಿಕ್ಕದಾಗುತ್ತದೆ. ಪರವಾಗಿಲ್ಲ. ಹೊಸ ಕೆಲಸಕ್ಕೆ ಹೊರಟಾಗಲೆಲ್ಲ ನೀವು ನನ್ನ ತಲೆಯ ಮೇಲೆ ಕೈಯಿಟ್ಟು ಕಳಿಸಿದ್ದೀರಿ. ಈ ಸಲ ತಲೆಯ ಮೇಲೆ ಬೇಡ, ಚಿಕ್ಕಪ್ಪ. ಆ ಕೈಯನ್ನು ಅಲ್ಲಿಡಿ.

ಸೋಮವಾರ ಬೆಳಗ್ಗೆ ಗೇಟಿನ ಹತ್ತಿರ, ನಿಮ್ಮ ಬಲಕ್ಕೆ ಸಿಗುವ ಹಾಗೆ ಕಾಯುತ್ತಿರುವ,

ನಿಮ್ಮ ಗುಂಡುಸೂಜಿ