ಬೀಳದ ಕೋಲು

ಮಾರ್ಚ್ ೧೧, ಮಂಗಳವಾರ

ನಮ್ಮ ಅಂತಿಮ ವರ್ಷದ ಪ್ರಾಜೆಕ್ಟಾದ ಮಹಾ ಊರುಗೋಲಿಗೆ ಇಂದು ಟಾರ್ಚು, ಅಲಾರಂ, ಮಡಚುವ ಆಸನ, ಮೂವರೂ ರಾಜೀನಾಮೆ ಕೊಟ್ಟರು. ಕಾರಣ ಅಜ್ಜಿ. ಹಿಡಿದು ನೋಡಿ, "ಇದನ್ನ ಹೊರೋಕೆ ಇನ್ನೊಬ್ಬಳು ಬೇಕು ಕಣೇ. ಗೋಡೆಗೆ ಒರಗಿಸಿದ್ರೆ ಜಾರಿ ಬೀಳದ ಹಾಗೆ ಮಾಡು, ಸಾಕು. ಬಗ್ಗಿ ಎತ್ತೋದೇ ನಂಗೆ ಕಷ್ಟ" ಎಂದಳು.

ಹಾಗಾಗಿ ನಾಲ್ಕು ತಿಂಗಳ ವಿನ್ಯಾಸವೆಂದರೆ ಈಗ ಹಿಡಿಕೆಗೆ ಅಂಟಿಸಿದ ಒಂದು ರಬ್ಬರ್ ತುಂಡು.

"ನಾಳೆ ಪ್ರಾಜೆಕ್ಟ್ ನೋಡಿ ಮೇಷ್ಟ್ರು ಇಷ್ಟೇನಾ ಅಂದ್ರೆ?" ಎಂದು ಪ್ರಾಜೆಕ್ಟಿನ ಜೊತೆಗಾತಿ ಕೇಳಿದಳು.

"ಇಷ್ಟೇ ಅನ್ನೋಣ" ಎಂದೆ, ಧೈರ್ಯವಿದ್ದವಳ ಹಾಗೆ. ಫೇಲಾದರೆ ಇಬ್ಬರಿಗೂ ಇನ್ನೊಂದು ವರ್ಷ ಅದೇ ಬೆಂಚು.

ಸಂಜೆ ಒರಗಿಸಿಟ್ಟ ಕೋಲು ಇನ್ನೂ ನಿಂತೇ ಇದೆ. ಎರಡು ಸಲ ಎದ್ದು ನೋಡಿ ಬಂದೆ. ಅಜ್ಜಿ ಕೋಣೆಯಿಂದಲೇ, "ಬಿದ್ದಿಲ್ಲ, ಮಲಕ್ಕೋ. ಕೊನೆಗೆ ನೀನೇ ತಳ್ಳಿಬಿಟ್ಟೀಯ" ಎಂದಳು.

ಮಲಗುತ್ತೇನೆ. ಆದರೂ ಇನ್ನೊಂದೇ ಒಂದು ಸಲ…